ಲ್ಯಾಪ್‌ಟಾಪಿನ ಜ್ವರ, ಮೇಲಿನ ಮನೆಯ ಎ.ಸಿ.

ಒಪ್ಪಿಕೊಂಡ ಕೆಲಸ ಸಣ್ಣದಾಗಿದ್ದರೆ ಅದನ್ನು ದೊಡ್ಡದು ಮಾಡಿಕೊಳ್ಳುವವರೆಗೆ ನನಗೆ ಸಮಾಧಾನವಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಒಂದು ಹಾಡು ಕಲಿಸಿ ಎಂದರೆ ನಾಟಕವನ್ನೇ ಆಡಿಸಿ, ಪರದೆ ಕಟ್ಟಲು ಮನೆಯ ಬೆಡ್‌ಶೀಟುಗಳನ್ನು ಒಯ್ದವಳು ನಾನು. ಇದರ ಪೆಟ್ಟು ಸಾಮಾನ್ಯವಾಗಿ ಮನೆಯವರಿಗೆ ಬೀಳುತ್ತದೆ. ಈ ಸಲ ಬಿದ್ದದ್ದು ಲ್ಯಾಪ್‌ಟಾಪಿಗೆ.

ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಹಳೆಯ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾಗಿತ್ತು. ಅಲ್ಲಿಯವರೆಗೆ ಎಲ್ಲರೂ ಬಾಡಿಗೆ ಮನೆ ನೋಡಿಕೊಳ್ಳಬೇಕು. ಒಬ್ಬರು ಠಾಣೆಗೆ, ಒಬ್ಬರು ಡೊಂಬಿವಲಿಗೆ. ಚದುರುವ ಮೊದಲು ಒಂದು ಭಾನುವಾರ ಸಂಜೆ ಟೆರೇಸಿನಲ್ಲಿ ಊಟ, ಊಟಕ್ಕೆ ಮುಂಚೆ ಎಲ್ಲರ ಮನೆಯ ಹಳೆಯ ಫೋಟೋ, ವಿಡಿಯೋ ಸೇರಿಸಿ ಒಂದು ಚಿಕ್ಕ ಪಿಚ್ಚರ್ ಎಂದು ಸೊಸೈಟಿ ಮೀಟಿಂಗಿನಲ್ಲಿ ಮಾತು ಬಂತು. ಯಾರು ಮಾಡುತ್ತೀರಿ ಎಂದು ಸೆಕ್ರೆಟರಿ ಕೇಳಿ ಮುಗಿಸುವ ಮೊದಲೇ ನನ್ನ ಕೈ ಮೇಲೆ ಹೋಗಿತ್ತು. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಕಣ್ಣು ಮುಚ್ಚಿಕೊಂಡರು.

ಫೋಟೋಗಳನ್ನು ಒಂದರ ಹಿಂದೆ ಒಂದು ಇಟ್ಟು ಹಿಂದೆ ಸಂಗೀತ ಹಾಕಿದ್ದರೆ ಸಾಕಿತ್ತು. ನಾನು ಪ್ರತಿ ಮನೆಯವರ ಹೆಸರಿನ ಅಕ್ಷರಗಳು ಗಿರಗಿರ ತಿರುಗಿ ಬರುವಂತೆ ಮಾಡಿದೆ. ಗಣಪತಿ ಹಬ್ಬದ ಚಿತ್ರಕ್ಕೆ ಹೂಮಳೆ ಸುರಿಸಿದೆ. ಎಲ್ಲ ಮುಗಿಸಿ, ಇಡೀ ಪಿಚ್ಚರನ್ನು ಒಂದೇ ಫೈಲ್ ಮಾಡು ಎಂದು ಲ್ಯಾಪ್‌ಟಾಪಿಗೆ ಅಪ್ಪಣೆ ಕೊಟ್ಟೆ. ಅದು ಕುಕ್ಕರಿನಂತೆ ಬುಸುಗುಟ್ಟಿತು. ಅರ್ಧ ದಾರಿಯಲ್ಲಿ ಪರದೆ ಕಪ್ಪಾಗಿ ಮೌನವಾಯಿತು. ಮುಟ್ಟಿ ನೋಡಿದರೆ ಚಪಾತಿ ಬೇಯಿಸಬಹುದು.

ಕಾಲೇಜಿಗೆ ಹೋಗುವ ಮಗಳು ತನ್ವಿ ಶಾಖ ತೋರಿಸುವ ಸಾಫ್ಟ್‌ವೇರ್ ಹಾಕಿ ನೋಡಿದಳು. "ಅಮ್ಮಾ, ಪ್ರೊಸೆಸರ್ ಸೀದಾ ನೂರು ಡಿಗ್ರಿ ತನಕ ಹೋಗ್ತಾ ಇದೆ. ಅದಕ್ಕೇ ತಾನೇ ಬಂದ್ ಆಗ್ತಿದೆ. ಇಷ್ಟು ಎಫೆಕ್ಟ್ಸ್ ಕ್ಯೂಂ? ತೆಗಿ ನಾ."

ತೆಗೆಯುವ ಮಾತು ನನಗೆ ಕೇಳಿಸಲಿಲ್ಲ.

ಗಂಡ ಬಗ್ಗಿ ನೋಡಿ, "ಗಾದಿ ಮ್ಯಾಲೆ ಇಟ್ಟೀಯಲ್ಲ, ಅದು ಉಸಿರು ಎಲ್ಲಿಂದ ಆಡಬೇಕು?" ಎಂದರು. ಇಪ್ಪತ್ತು ವರ್ಷ ಮುಂಬಯಿಯಲ್ಲಿದ್ದರೂ ಅವರ ಬಾಯಿಂದ ಧಾರವಾಡ ಹೋಗಿಲ್ಲ. ಮೇಜಿನ ಮೇಲೆ ಇಟ್ಟು, ಗಾಳಿಯಾಡಲು ಹಿಂಬದಿಯ ಅಡಿಗೆ ಎರಡು ಡಬ್ಬಿ ಮುಚ್ಚಳ ಕೊಟ್ಟೆವು. ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಯಲ್ಲಿ ಒಳಗಿನ ಫ್ಯಾನು ಬಿಚ್ಚಿದಾಗ ಧೂಳು ಕಂಬಳಿಯಂತೆ ಎದ್ದು ಬಂತು. ಪ್ರೊಸೆಸರಿಗೆ ಶಾಖ ಇಳಿಸುವ ಹೊಸ ಪೇಸ್ಟ್ ಹಚ್ಚಿಸಿ ತಂದೆ. ದಿನದ ಕೆಲಸಕ್ಕೆ ಅದು ತಣ್ಣಗಾಯಿತು. ಪಿಚ್ಚರ್ ಕೆಲಸ ಕೊಟ್ಟರೆ ಮತ್ತೆ ಜ್ವರ. ಮೇ ತಿಂಗಳ ಮುಂಬಯಿ. ಕೋಣೆಯೇ ಕಾದಿರುವಾಗ ಫ್ಯಾನು ಬೀಸುವುದೂ ಬಿಸಿ ಗಾಳಿಯನ್ನೇ. "ಎ.ಸಿ. ರೂಮ್ ಬೇಕು," ಎಂದಳು ತನ್ವಿ. ಭಾನುವಾರಕ್ಕೆ ಉಳಿದಿದ್ದದ್ದು ಒಂದೇ ದಿನ.

ಹಗಲಿಡೀ ಎ.ಸಿ. ಓಡುವ ಮನೆ ನಮ್ಮ ವಿಂಗಿನಲ್ಲಿ ಒಂದೇ. ಅದು ನಮ್ಮ ತಲೆಯ ಮೇಲಿನ ವಸಂತಕ್ಕನದು. ಆ ಎ.ಸಿ.ಯ ನೀರು ನಮ್ಮ ಕಿಟಕಿಯ ತಗಡಿನ ಮೇಲೆ ಟಕ್ ಟಕ್ ಎಂದು ಬೀಳುವ ವಿಷಯದಲ್ಲಿ ನಮಗೂ ಅವರಿಗೂ ಜಗಳವಾಗಿ, ಲಿಫ್ಟಿನಲ್ಲಿ ಸಿಕ್ಕರೆ ಇಬ್ಬರೂ ಗುಂಡಿಗಳನ್ನೇ ನೋಡುವ ಸಂಬಂಧ. ಆದರೂ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿದೆ.

ಬಾಗಿಲು ತೆಗೆದ ವಸಂತಕ್ಕ ನನ್ನನ್ನೂ ಟವೆಲನ್ನೂ ನೋಡಿದರು. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಹೌದಾ ಟೀಚರೇ? ಮತ್ತೆ ಹೊರಗೆ ಯಾಕೆ ನಿಂತದ್ದು? ತಂಪು ಹೋಗ್ತದೆ, ಒಳಗೆ ಬನ್ನಿ," ಎಂದರು.

ಒಳಕೋಣೆಯಲ್ಲಿ ಎ.ಸಿ.ಯ ಎದುರೇ ಅವರ ಗಂಡ ಸಂಜೀವಣ್ಣ ಕೂತಿದ್ದರು. ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಹುಡುಗನಾಗಿದ್ದಾಗಿನಿಂದ ದೋಸೆ ಹುಯ್ದವರು, ಈಗ ಕೆಲಸ ಬಿಟ್ಟಿದ್ದಾರೆ. ಲ್ಯಾಪ್‌ಟಾಪ್ ಮುಟ್ಟಿ ನೋಡಿ, "ಕಾವಲಿ ಹೀಗೆ ಕಾದರೆ ನಾವು ಸ್ವಲ್ಪ ನೀರು ಚಿಮುಕಿಸ್ತೇವೆ. ತರ್ಲಾ?" ಎಂದು ಎದ್ದರು. ನಾನು ಲ್ಯಾಪ್‌ಟಾಪಿಗೆ ಎರಡೂ ಕೈ ಅಡ್ಡ ಹಿಡಿದೆ.

ಕೆಲಸ ಶುರುವಾಯಿತು. ಶಾಖ ಏರಿತು, ಎಂಬತ್ತರ ಆಸುಪಾಸಿನಲ್ಲಿ ನಿಂತಿತು. ಎದ್ದು ಹೋಗಲು ಧೈರ್ಯವಿಲ್ಲ; ಕೂತೆ. ವಸಂತಕ್ಕ ನೀರುದೋಸೆ ತಂದರು. ಮಾತಿನ ನಡುವೆ ಸಂಜೀವಣ್ಣನೇ ಹೇಳಿದರು: "ಇಷ್ಟು ವರ್ಷ ಒಲೆ ಎದುರು ನಿಂತೆ ನೋಡಿ, ಆಗ ಏನೂ ಅನಿಸಲಿಲ್ಲ. ಈಗ ಸ್ವಲ್ಪ ಸೆಕೆ ಆದರೂ ತಲೆ ತಿರುಗ್ತದೆ, ಬಿದ್ದುಬಿಡ್ತೇನೆ. ಡಾಕ್ಟ್ರು ತಂಪಿನಲ್ಲೇ ಇರಿ ಅಂದರು. ಕರೆಂಟು ಬಿಲ್ಲು ನೋಡಿದರೆ ಮತ್ತೆ ತಲೆ ತಿರುಗ್ತದೆ."

ಅವರು ನಕ್ಕರು. ನನಗೆ ನಗು ಪೂರ್ತಿ ಬರಲಿಲ್ಲ. ಈ ಎ.ಸಿ. ಹಗಲಿಡೀ ಏಕೆ ಓಡುತ್ತದೆ ಎಂಬುದಕ್ಕೆ ನಮ್ಮ ಮನೆಯಲ್ಲಿ ನಾವು ಎಷ್ಟೋ ಕಾರಣ ಕಟ್ಟಿದ್ದೆವು: ಹಣದ ಸೊಕ್ಕು, ಸೋಮಾರಿತನ, ನಮ್ಮ ಮೇಲಿನ ಹಟ. ಕೇಳಿ ತಿಳಿದುಕೊಳ್ಳುವುದು ಮಾತ್ರ ಹೊಳೆದಿರಲಿಲ್ಲ. ಯಂತ್ರ ಎಷ್ಟು ಬಿಸಿಯಾಗಿದೆ ಎಂದು ಕ್ಷಣಕ್ಷಣಕ್ಕೂ ನೋಡುತ್ತ ಕೂತಿದ್ದೆ. ತಲೆಯ ಮೇಲೆಯೇ ಒಬ್ಬರು ಬಳಲುತ್ತಿದ್ದದ್ದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಕೆಳಗಿನ ಕಿಟಕಿಯಿಂದ ನನ್ನ ಗಂಡನ ದನಿ: "ಯಾರ್ರೀ ಮ್ಯಾಲೆ! ಸಂಡಿಗಿ ಮ್ಯಾಲೆ ನೀರು ಬೀಳ್ಲಿಕ್ಕತ್ತದ!"

ವಸಂತಕ್ಕ ನನ್ನ ಮುಖ ನೋಡಿದರು. ಎದ್ದು ಕಿಟಕಿಗೆ ಹೋಗಿ ಬಗ್ಗಿದವಳು ನಾನೇ. "ಸುಮ್ನ ಸಂಡಿಗಿ ಒಳಗ ತಗೋರಿ! ಇನ್ನೂ ಇಪ್ಪತ್ತು ಪರ್ಸೆಂಟ್ ಉಳದದ!" ಎಂದೆ. ಕೆಳಗೆ ಸಂಡಿಗೆಯ ತಟ್ಟೆ ಸರಕ್ಕನೆ ಒಳಗೆ ಹೋಯಿತು. ಕೋಣೆಯಲ್ಲಿ ಮೂವರೂ ಕಣ್ಣೀರು ಬರುವವರೆಗೆ ನಕ್ಕೆವು.

ಭಾನುವಾರ ಸಂಜೆ ಪಿಚ್ಚರ್ ನಡೆಯಿತು. ಜನ ನೋಡಿದ್ದಕ್ಕಿಂತ ಕೂಗಿದ್ದೇ ಹೆಚ್ಚು: "ಅರೆ, ಅದು ನಾನು!" "ನಮ್ಮ ಬಾಬಾ ನೋಡಿ!" ಈಗಿಲ್ಲದವರು ಪರದೆಗೆ ಬಂದಾಗ ಕೂಗಿದವರೇ ಕೈ ಮುಗಿದರು. ಹೂಮಳೆಯನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ. "ನಾ ಹೇಳಿದ್ದೆ ನಾ," ಎಂದು ತನ್ವಿ ಕಣ್ಣಲ್ಲೇ ಹೇಳಿದಳು.

ಊಟದ ಸಾಲಿನಲ್ಲಿ ಸಂಜೀವಣ್ಣ ಹತ್ತಿರ ಬಂದರು. "ಪಿಚ್ಚರ್ ಭಾರೀ ಲಾಯ್ಕ ಆಗಿದೆ ಟೀಚರೇ. ಒಂದೇ ಬೇಜಾರು, ಹೆಸರು ಬರುವಾಗ ಅಕ್ಷರ ಎಲ್ಲ ಗಿರಗಿರ ತಿರುಗಿತು, ಓದ್ಲಿಕ್ಕೇ ಆಗ್ಲಿಲ್ಲ. ಪಾಪ, ಲ್ಯಾಪ್‌ಟಾಪ್ ಬಿಸಿಯಾಗಿ ಹಾಗೆ ಆದದ್ದಾ?"

"ಹೌದು ಸಂಜೀವಣ್ಣ," ಎಂದೆ, "ತುಂಬಾನೇ ಬಿಸಿಯಾಗಿತ್ತು ಅದು."