ಸೈಕಲ್ ಪೂಜೆಯೂ ನನ್ನ ಮೊಣಕಾಲೂ

ಓಟ ಒಳ್ಳೆಯದೋ ಸೈಕಲ್ಲು ಒಳ್ಳೆಯದೋ ಎಂಬ ಪ್ರಶ್ನೆಗೆ ನಾನು ಉತ್ತರ ಕಂಡುಕೊಂಡದ್ದು ಸೋಫಾದ ಮೇಲೆ ಮಲಗಿ, ಮೊಬೈಲು ನೋಡುತ್ತಾ. ಸತತ ಅಧ್ಯಯನ! ನಡುವೆ ಕೋಡುಬಳೆ ಡಬ್ಬಿ ತರಲು ಮಾತ್ರ ಎದ್ದಿದ್ದೆ.

ಈ ಅಧ್ಯಯನಕ್ಕೆ ಕಾರಣ ನಮ್ಮ ಡಾಕ್ಟರು. "ಶುಗರ್ ಬಾರ್ಡರ್‌ನಲ್ಲಿದೆ ಸಾರ್. ಓಡ್ತೀರೋ, ಸೈಕಲ್ ಹೊಡೀತೀರೋ ನಿಮ್ಮಿಷ್ಟ. ಆದ್ರೆ ಒಂದು ವಾರ ಮಾಡಿ ಬಿಡೋದಲ್ಲ, ವರ್ಷಗಟ್ಟಲೆ ಮಾಡ್ಬೇಕು. ಇಲ್ದಿದ್ರೆ ಮಾತ್ರೆ ಶುರು ಮಾಡೋಣ" ಎಂದಿದ್ದರು. ಮಾತ್ರೆ ಎಂದರೆ ನನಗೆ ಜೀವಭಯ. ನಮ್ಮ ದೊಡ್ಡಪ್ಪ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಸುದ್ದಿ ಹಬ್ಬಿದ ಮೇಲೆ ಮದುವೆ ಮನೆಗಳಲ್ಲಿ ಅವರ ಎಲೆಗೆ ಹೋಳಿಗೆ ಬಡಿಸುವವರೇ ಇಲ್ಲವಾಗಿದ್ದರು. ಆ ಗತಿ ನನಗೆ ಬರಬಾರದು!

ನನ್ನ ಹೆಂಡತಿ ಸುಮಾ ದಿನವೂ ಬೆಳಿಗ್ಗೆ ಜೆ.ಪಿ. ನಗರದ ಪಾರ್ಕಿನಲ್ಲಿ ಓಡುವವಳು. "ಓಟಕ್ಕೆ ಒಂದು ಜೊತೆ ಶೂ ಸಾಕು ರೀ. ಮೂಳೆನೂ ಗಟ್ಟಿಯಾಗತ್ತೆ. ನಾಳೆ ನನ್ ಜೊತೆ ಬನ್ನಿ" ಎಂದಳು.

"ಓಡಿದ್ರೆ ಭಾರ ಎಲ್ಲಾ ಮೊಣಕಾಲಿನ ಮೇಲೆ ಕಣೇ. ಸೈಕಲ್ಲಲ್ಲಾದ್ರೆ ಸೀಟಿನ ಮೇಲೆ. ಮುದುಕಿಯಾದಾಗ ನಿನ್ನ ಮೊಣಕಾಲು ಕಟಕಟ ಅನ್ನತ್ತೆ, ನಾನು ಸೈಕಲ್ಲಲ್ಲಿ ನಂದಿ ಬೆಟ್ಟ ಹತ್ತಿರ್ತೀನಿ!"

"ಮೊದ್ಲು ಸೋಫಾ ಇಳೀರಿ" ಎಂದಳು.

ಇಳಿದೆ. ಜಯನಗರಕ್ಕೆ ಹೋಗಿ ಸೈಕಲ್ಲು ಕೊಂಡೇಬಿಟ್ಟೆ. ಹಗುರವೆಂದರೆ ಹಗುರ, ಟೈರು ಬೆರಳಿನಷ್ಟು ಸಣ್ಣ. ನಮ್ಮ ಮನೆಯಲ್ಲಿ ಗಾಲಿ ಇರುವ ಯಾವುದನ್ನೂ ಪೂಜೆ ಮಾಡಿಸದೆ ಬೀದಿಗಿಳಿಸುವ ಪದ್ಧತಿಯಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಸಾರಕ್ಕಿ ಕಡೆಯ ಪುಟ್ಟ ಗಣಪತಿ ಗುಡಿಗೆ ಸೈಕಲ್ಲನ್ನು ತಳ್ಳಿಕೊಂಡು ಹೋದೆ. ಹತ್ತಿ ಹೋಗುವಂತಿರಲಿಲ್ಲ, ಪೂಜೆ ಆಗಿರಲಿಲ್ಲವಲ್ಲ! ಸುಮಾ ಓಟದ ಶೂ ಹಾಕಿಕೊಂಡೇ ಜೊತೆಗೆ ಬಂದಳು.

ಅರ್ಚಕರು ಕುಂಕುಮದ ಬಟ್ಟಲು ಹಿಡಿದು ಸೈಕಲ್ಲನ್ನು ಒಂದು ಸುತ್ತು ಹಾಕಿದರು. "ಇಂಜಿನ್ನಿಗೆ ಕುಂಕುಮ ಇಡ್ಬೇಕು. ಎಲ್ಲಿದೆ ಸಾರ್?"

"ನಾನೇ ಇಂಜಿನ್ನು!" ಎಂದೆ ಗರ್ವದಿಂದ.

ಅವರ ಕಣ್ಣು ನನ್ನ ಹೊಟ್ಟೆಯ ಮೇಲೆ ನಿಂತಿತು. "ಗಾಡಿ ಹೊಸದು, ಇಂಜಿನ್ ಸ್ವಲ್ಪ ಹಳೇದು" ಎಂದು ನನ್ನ ಹಣೆಗೇ ಕುಂಕುಮವಿಟ್ಟರು. ಹ್ಯಾಂಡಲ್ಲಿಗೆ ಸೇವಂತಿಗೆ ಹಾರ ಬಿತ್ತು. ಕಾಯಿ ಒಡೆದದ್ದಾಯಿತು. ಮುಂದಿನ ಚಕ್ರದ ಎದುರಿಗೆ ಒಂದು ನಿಂಬೆಹಣ್ಣು ಕೂತಿತು.

ಕಾರಿನ ಪೂಜೆಯಲ್ಲಿ ನಿಂಬೆಹಣ್ಣು ಪಚಕ್ಕೆಂದು ಅಪ್ಪಚ್ಚಿಯಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದೇ ಧೈರ್ಯದಲ್ಲಿ ಹೆಲ್ಮೆಟ್ ಬಿಗಿದುಕೊಂಡು ಹತ್ತಿ ಪೆಡಲು ತುಳಿದೆ. ಹಣ್ಣು ಮಿಸುಕಲಿಲ್ಲ. ಇನ್ನಷ್ಟು ಬಲವಾಗಿ ತುಳಿದೆ. ಅದು ಪಕ್ಕಕ್ಕೆ ಜಾರಿಕೊಂಡು, ಚರಂಡಿಯ ಅಂಚಿನಲ್ಲಿ ಆರಾಮವಾಗಿ ನಿಂತಿತು.

"ತಳ್ಕೊಂಡು ದಾಟಿಸಿಬಿಡಿ ಸಾರ್, ದೇವ್ರು ಒಪ್ಕೋತಾನೆ" ಎಂದರು ಅರ್ಚಕರು.

"ಸಾಕು ಬನ್ನಿ, ಜನ ನೋಡ್ತಿದಾರೆ" ಎಂದಳು ಸುಮಾ.

ಜನ ನೋಡುತ್ತಿದ್ದುದೇ ತೊಂದರೆಯಾಯಿತು! ಹೂ ಮಾರುವ ಅಕ್ಕ ಕಟ್ಟುತ್ತಿದ್ದ ಮಾಲೆ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಒಂದು ನಿಂಬೆಹಣ್ಣಿಗೆ ಸೋತವನು ನಂದಿ ಬೆಟ್ಟ ಹತ್ತುವುದುಂಟೇ? ಹಣ್ಣನ್ನು ಮತ್ತೆ ರಸ್ತೆಯ ನಡುವೆ ಪ್ರತಿಷ್ಠಾಪಿಸಿದೆ. ಸೈಕಲ್ಲನ್ನು ಹಿಂದಕ್ಕೆ ಒಯ್ದು, ಇಳಿಜಾರಿನ ಮೇಲಿಂದ ವೇಗವಾಗಿ ಬಂದೆ. ಮುಂದಿನ ಚಕ್ರ ಹಣ್ಣಿನ ಮೇಲೇರಿತು. ಹಣ್ಣು ಚಿಮ್ಮಿತು. ಹ್ಯಾಂಡಲ್ಲು ತಿರುಗಿತು. ಸೇವಂತಿಗೆ ಹಾರ ಜಾರಿ ಚಕ್ರದ ಕಡ್ಡಿಗಳಿಗೆ ಸುತ್ತಿಕೊಂಡಿತು. ಸೈಕಲ್ಲು ನಿಂತಿತು.

ನಾನು ನಿಲ್ಲಲಿಲ್ಲ!

ಕಣ್ಣು ಬಿಟ್ಟಾಗ ನನ್ನ ಮೊಣಕಾಲು ತೆಂಗಿನ ಚಿಪ್ಪಿನ ಮೇಲಿತ್ತು, ಮೈತುಂಬ ಸೇವಂತಿಗೆ ಎಸಳು. ನಿಂಬೆಹಣ್ಣಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ದೃಷ್ಟಿ ಎಲ್ಲಾ ಹೋಯ್ತು ಬಿಡಿ ಸಾರ್" ಎಂದು ಹೂವಿನ ಅಕ್ಕ ಸಮಾಧಾನ ಮಾಡಿದಳು. "ಹಣ್ಣಿನ ಬದ್ಲು ನೀವೇ ಅಪ್ಪಚ್ಚಿಯಾದ್ರಿ."

ಎದ್ದು ನಿಲ್ಲಲು ಹೋದೆ. ಕಾಲು ಒಪ್ಪಲಿಲ್ಲ. ಭಾನುವಾರ ಆ ಗಲ್ಲಿಗೆ ಆಟೋ ಬರುವುದು ಅಪರೂಪ. ಸುಮಾ ಒಂದು ಕ್ಷಣವೂ ಯೋಚಿಸದೆ ಮುಖ್ಯರಸ್ತೆಯವರೆಗೆ ಓಡಿ ಆಟೋ ತಂದಳು. ಅವಳು ಓಡುವುದನ್ನು ನಾನು ಅಷ್ಟು ಪ್ರೀತಿಯಿಂದ ಹಿಂದೆಂದೂ ನೋಡಿರಲಿಲ್ಲ. ಓಟದಿಂದ ಆರೋಗ್ಯಕ್ಕೆ ಪ್ರಯೋಜನವಿದೆ ಎಂದು ಆಗ ಒಪ್ಪಿಕೊಂಡೆ. ನನ್ನ ಆರೋಗ್ಯಕ್ಕೆ!

ಡಾಕ್ಟರು ಕುಂಬಳಕಾಯಿಯಂತೆ ಊದಿದ ಮೊಣಕಾಲನ್ನು ಒತ್ತಿ ನೋಡಿದರು. "ಸೈಕಲ್ಲಿಂದ ಬಿದ್ರಾ? ಶುರುನಲ್ಲೇ ಜಾಸ್ತಿ ದೂರ ಹೋಗ್ಬಾರ್ದು ಸಾರ್. ಎಷ್ಟು ದೂರ ಹೋಗಿದ್ರಿ?"

ನಾನು ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರವನ್ನು ಗಂಭೀರವಾಗಿ ನೋಡತೊಡಗಿದೆ.

"ಇನ್ನೂ ಹೊರಟೇ ಇರ್ಲಿಲ್ಲ ಡಾಕ್ಟ್ರೇ" ಎಂದಳು ಸುಮಾ.

ಡಾಕ್ಟರು ನಗು ನುಂಗಿಕೊಂಡು ಪಟ್ಟಿ ಕಟ್ಟಿಸಿದರು. ಆಮೇಲೆ ಚೀಟಿ ಎಳೆದುಕೊಂಡು, "ಇದು ವಾಸಿಯಾಗೋವರ್ಗೂ ಓಟಾನೂ ಬೇಡ, ಸೈಕಲ್ಲೂ ಬೇಡ. ಹಾಗಾಗಿ ಶುಗರ್‌ಗೆ ಮಾತ್ರೆ ಬರೀತೀನಿ" ಎಂದರು.

ಹೋಳಿಗೆಗಳೆಲ್ಲ ನನ್ನ ಎಲೆಯನ್ನು ದಾಟಿಕೊಂಡು ಪಕ್ಕದವನ ಎಲೆಗೆ ಹೋಗುವುದು ಕಣ್ಣಿಗೆ ಕಟ್ಟಿತು. "ಎಷ್ಟು ದಿನ ಡಾಕ್ಟ್ರೇ?" ಎಂದು ಅಂಗಲಾಚಿದೆ.

"ಯೋಚನೆ ಮಾಡ್ಬೇಡಿ. ನೀವು ದಿನಾ ಸೈಕಲ್ ಹೊಡೆಯೋಕೆ ಶುರು ಮಾಡೋವರ್ಗೂ, ಅಷ್ಟೇ."

"ಹಾಗಾದ್ರೆ ಜೀವನಪರ್ಯಂತ ಅಂತ ಬರೆದುಬಿಡಿ" ಎಂದಳು ಸುಮಾ.

ಡಾಕ್ಟರು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. ಬರೆದೇಬಿಟ್ಟರು!