ಪರದೆ ಜಟಕಾ ಮತ್ತು ಹಿನಕಲ್ಲಿನ ಸೈಕಲ್ಲು

ಮಕ್ಕಳು ಓದಬೇಕು ಎಂದು ಭಾಷಣ ಮಾಡುವವರೇ ಅವರ ದಾರಿಗೆ ಅಡ್ಡ ನಿಲ್ಲುವುದು ನಮ್ಮೂರಿನಲ್ಲಿ ಎಂದೂ ತಪ್ಪಿಲ್ಲ. ಐವತ್ತರ ದಶಕದಲ್ಲಿ, ಮೈಸೂರಿನ ಹೈಸ್ಕೂಲೊಂದರಲ್ಲಿ ನಾನು ಮೇಷ್ಟರಾಗಿದ್ದಾಗ ಕಂಡದ್ದು ಇಷ್ಟು.

ನೋಟೀಸು

ಊರಾಚೆಯ ಹಿನಕಲ್ಲಿನ ಒಕ್ಕಲುಮನೆಯ ಹುಡುಗಿಯೊಬ್ಬಳು ಅಣ್ಣನ ಸೈಕಲ್ಲಿನಲ್ಲಿ ಶಾಲೆಗೆ ಬರುತ್ತಿದ್ದಳು. ಒಂದು ದಿನವೂ ತಡವಿಲ್ಲ. ಸಂಜೆ ಚರ್ಚಾಸ್ಪರ್ಧೆಯ ಅಭ್ಯಾಸ ಮುಗಿಸಿ ಬೆಳಕಿರುವಾಗಲೇ ಮನೆ ಸೇರುತ್ತಿದ್ದಳು. ಇಷ್ಟು ಸುಸೂತ್ರವಾಗಿದ್ದುದನ್ನು ಹೆಡ್ಮಾಸ್ಟರಿಗೆ ಸಹಿಸಲಾಗಲಿಲ್ಲ. ನೋಟೀಸು ಹಾಕಿದರು: ಹುಡುಗಿಯರು ಸೈಕಲ್ಲಿನಲ್ಲಿ ಬರಕೂಡದು, ಪರದೆ ಕಟ್ಟಿದ ಜಟಕಾದಲ್ಲಿ ಬರತಕ್ಕದ್ದು.

"ಯಾಕೆ ಸಾರ್?" ಎಂದೆ.

"ನೋಡೋಕೆ ಚೆನ್ನಾಗಿರಲ್ಲ ಕಣ್ರೀ."

"ನೋಡಬೇಡಿ ಸಾರ್."

ಆ ವರ್ಷ ಪೂರ್ತಿ ಬೆಳಿಗ್ಗೆ ಗೇಟು ಕಾಯುವ ಕೆಲಸ ನನಗೇ ಬಿತ್ತು.

ಏರು

ಜಟಕಾದ ಕುದುರೆ ಹೆಡ್ಮಾಸ್ಟರಿಗಿಂತ ಮೊದಲೇ ಪಿಂಚಣಿ ಪಡೆಯಬೇಕಾದದ್ದು. ದಾರಿಯಲ್ಲಿ ಒಂಟಿಕೊಪ್ಪಲಿನ ಏರು ಬಂದರೆ ನಿಂತುಬಿಡುತ್ತಿತ್ತು.

"ಇಳ್ಕಳ್ರವ್ವಾ, ಪಾಪ ಮೂಕಪ್ರಾಣಿ" ಎನ್ನುತ್ತಿದ್ದ ಗಾಡಿಯವನು.

ಪರದೆ ಬಿಟ್ಟ ಖಾಲಿ ಜಟಕಾ ಮುಂದೆ, ಅದನ್ನು ತಳ್ಳುವ ಐವರು ಹುಡುಗಿಯರು ಹಿಂದೆ. ಮಾನ ಉಳಿಯಿತು, ಮೊದಲನೇ ಪೀರಿಯಡ್ ಹೋಯಿತು.

ತಡವಾಯಿತೆಂದು ಹೆಡ್ಮಾಸ್ಟರು ಮನೆಗೆ ಎರಡು ಚೀಟಿ ಕಳಿಸಿದರು. ಹಿನಕಲ್ಲಿನ ಹುಡುಗಿಯ ಅಪ್ಪ ಗೇಟಿಗೇ ಬಂದ. "ಇನ್ನೊಂದು ಚೀಟಿ ಬಂದ್ರೆ ಓದು ಸಾಕು ಅಂದ್ಬುಟ್ಟಿದೀನಿ ಸ್ವಾಮಿ."

ಮರುದಿನದಿಂದ ಅವಳು ಸೈಕಲ್ಲನ್ನು ಶಾಲೆಯ ಹತ್ತಿರದ ತಿರುವಿನ ದರ್ಜಿ ಅಂಗಡಿಯಲ್ಲಿ ಬಿಟ್ಟು ನಡೆದು ಬರತೊಡಗಿದಳು. ನನಗೆ ಗೇಟು ನೋಡಲು ಹೇಳಿದ್ದರು. ದರ್ಜಿ ಅಂಗಡಿ ನೋಡಲು ಯಾರೂ ಹೇಳಿರಲಿಲ್ಲ.

ಬೀರುವಿನ ಬೀಗದಕೈ

ಶಾಲಾ ಇನ್‌ಸ್ಪೆಕ್ಟರು ತನಿಖೆಗೆ ಬಂದ ದಿನ. ರಿಜಿಸ್ಟರುಗಳೆಲ್ಲ ಬೀರುವಿನಲ್ಲಿ, ಬೀಗದಕೈ ಹೆಡ್ಮಾಸ್ಟರ ಕೋಟಿನಲ್ಲಿ, ಹೆಡ್ಮಾಸ್ಟರು ಅಂದು ಅದೇ ಜಟಕಾದಲ್ಲಿ, ಜಟಕಾ ಒಂಟಿಕೊಪ್ಪಲಿನ ಏರಿನಲ್ಲಿ.

ಪ್ರಾರ್ಥನೆಯ ಗಂಟೆ ಹೊಡೆಯುವ ಮುನ್ನ ಸೈಕಲ್ಲೊಂದು ಇನ್‌ಸ್ಪೆಕ್ಟರ ಕಣ್ಣೆದುರೇ ನೇರ ಗೇಟಿನೊಳಗೇ ನುಗ್ಗಿತು. "ಹೆಡ್ಮಾಸ್ಟರು ದಾರೀಲಿ ತಡೆದು ಕೊಟ್ಟು ಕಳಿಸಿದ್ರು ಸಾರ್" ಎಂದು ಹುಡುಗಿ ಬೀಗದಕೈ ಚಾಚಿದಳು.

ಕಾಲು ಗಂಟೆಯ ಮೇಲೆ ಹೆಡ್ಮಾಸ್ಟರು ಏದುಸಿರು ಬಿಡುತ್ತ ನಡೆದು ಬಂದರು. ಇನ್‌ಸ್ಪೆಕ್ಟರು ಕೈಕುಲುಕಿದರು. "ಹೆಣ್ಣುಮಕ್ಕಳಿಗೆ ಸೈಕಲ್ ಬಿಟ್ಟಿದೀರಿ. ಭಲೇ! ಯಾರ ಯೋಚನೆ?"

"ನಂದೇ ಸಾರ್" ಎಂದರು, ನಾಚಿಕೆಯಿಲ್ಲದೆ.

ಹುಡುಗಿ ಚರ್ಚಾಸ್ಪರ್ಧೆಯ ಭಂಗಿಯಲ್ಲಿ ನಿಂತಳು. "ಹಾಗಾದರೆ ಸಾರ್, ದರ್ಜಿ ಅಂಗಡೀಲಿ ಇಡ್ತಿದ್ದ ಸೈಕಲ್ಲನ್ನ ನಾಳೆಯಿಂದ ಇಲ್ಲೇ ಇಡ್ಲಾ?"

ಇನ್‌ಸ್ಪೆಕ್ಟರು ನೋಡುತ್ತಿದ್ದರು. ಹೆಡ್ಮಾಸ್ಟರು ಹೂಂ ಎಂದು ತಲೆಯಾಡಿಸಿದರು.

ಮೂರನೇ ಚೀಟಿ ಹೋಗಲಿಲ್ಲ. ನೋಟೀಸನ್ನು ಮಾತ್ರ ಅವರು ತೆಗೆಯಲಿಲ್ಲ. ಯಾಕೆಂದು ಕೇಳಿದೆ.

"ಖಾಲಿ ಬೋರ್ಡು ನೋಡೋಕೆ ಚೆನ್ನಾಗಿರಲ್ಲ ಕಣ್ರೀ."