ಕೆಲಸಕ್ಕೆ ಹೋಗುವ ಮೂವರು ಮತ್ತು ನನ್ನ ವರದಿ

ಇಷ್ಟು ವರ್ಷ ಪಾಠ ಮಾಡಿದ ಮೇಷ್ಟ್ರಿಗೆ ವಿದ್ಯಾರ್ಥಿಗಳ ವಿಷಯ ಒಂದಿಷ್ಟಾದರೂ ಗೊತ್ತಿರಬೇಕು ಅಂತ ಜನ ತಿಳಿದಿರುತ್ತಾರೆ. ನನಗೆ ಮಾತ್ರ ಗೊತ್ತಿದ್ದದ್ದೂ ವರ್ಷದಿಂದ ವರ್ಷಕ್ಕೆ ಕಲಸುಮೇಲೋಗರವಾಗುತ್ತಾ ಬಂತು. ಅದರಲ್ಲೂ ಅದಿರಿನ ಭರಾಟೆಯ ಕಾಲದಲ್ಲಿ ಹೊಸಪೇಟೆಯ ನಮ್ಮ ಕಾಲೇಜಿನಲ್ಲಿ ತಲೆ ಕೆಡದ ದಿನವೇ ಇರಲಿಲ್ಲ. ರಸ್ತೆ ತುಂಬ ಲಾರಿ, ಸುತ್ತಲಿನ ಊರುಗಳ ತುಂಬ ಕೆಲಸ. ಕ್ಲಾಸಿನ ಅರ್ಧ ಮಂದಿ ಎಲ್ಲಾದರೊಂದು ಕಡೆ ದುಡಿಯುವವರೇ.

ಪರೀಕ್ಷೆಗೆ ಇನ್ನೊಂದು ತಿಂಗಳಿದೆ ಅನ್ನುವಾಗ ಪ್ರಿನ್ಸಿಪಾಲರು ಕರೆಸಿದರು.

"ನೋಡ್ರಿ ಸರ್, ಬಿಎ ಫೈನಲ್‌ನಾಗ ಕೆಲಸಕ್ಕ ಹೋಗೋರ ಪೈಕಿ ಮೂರು ಮಂದೀನ ಆರಿಸೀನಿ. ಕೆಲಸದಿಂದ ಓದು ಕೆಡತೈತೋ ಇಲ್ಲೋ, ವಿಚಾರಿಸಿ ವರದಿ ಕೊಡ್ರಿ. ಆ ಸಂಡೂರಿನ ಹುಡುಗಂದಂತೂ ನಿಮ್ಮ ಇತಿಹಾಸದ ಕ್ಲಾಸಿನಾಗ ಹಾಜರಿ ಸೊನ್ನೆ ಐತಿ. ಹಾಲ್ ಟಿಕೆಟ್ ಕೊಡಾಕ ಬರಂಗಿಲ್ಲ."

ಆ ಹುಡುಗ ಅದಿರಿನ ಲಾರಿ ತೂಕ ಮಾಡುವ ಕಾಟಾದಲ್ಲಿ ಮಧ್ಯಾಹ್ನದ ಪಾಳಿ ಮಾಡುತ್ತಿದ್ದ. ಈ ವರ್ಷ ಡಿಗ್ರಿ ಮುಗಿಸಿದರೆ ಆಫೀಸಿನಲ್ಲಿ ಖಾಯಂ ಕೆಲಸ ಅಂತ ಮಾಲೀಕರು ಮಾತು ಕೊಟ್ಟಿದ್ದರು. ಹಾಲ್ ಟಿಕೆಟ್ ಸಿಗಲಿಲ್ಲವೆಂದರೆ ಆ ಕುರ್ಚಿ ಬೇರೆಯವರ ಪಾಲು. ನನಗೋ ಅವನ ಮುಖವನ್ನು ದಿನಾ ಕ್ಲಾಸಿನಲ್ಲಿ ನೋಡಿದ ನೆನಪು. ಆದರೆ ನನ್ನ ನೆನಪನ್ನು ನಂಬಿ ಮನೆಯಲ್ಲಿ ಹೆಂಡತಿ ಕೊತ್ತಂಬರಿ ಸೊಪ್ಪನ್ನೂ ತರಿಸುವುದಿಲ್ಲ. ಅವನನ್ನು ಕೊನೆಗೆ ನೋಡೋಣ ಅಂತ ಉಳಿದಿಬ್ಬರಿಂದ ಶುರುಮಾಡಿದೆ.

ಎಡಗಡೆ ನೋಡಿ

ಮೊದಲನೆಯವನು ಹಂಪಿಯಲ್ಲಿ ಗೈಡು. ವಿಜಯನಗರದ ವಾಸ್ತುಶಿಲ್ಪದ ಬಗ್ಗೆ ಬರೆಯಲು ಕೊಟ್ಟಿದ್ದ ಟೆಸ್ಟಿನ ಉತ್ತರ ತೆಗೆದು ನೋಡಿದೆ. "ಎಲ್ಲರೂ ಸ್ವಲ್ಪ ನೆರಳಿಗೆ ಬನ್ನಿ. ನಿಮ್ಮ ಎಡಗಡೆ ಕಾಣುವುದೇ ಕಲ್ಲಿನ ರಥ" ಅಂತ ಶುರು. ಓದುತ್ತಾ ಓದುತ್ತಾ ನಾನೂ ಎಡಗಡೆ ತಿರುಗಿದೆ. ಅಲ್ಲಿ ಸ್ಟಾಫ್ ರೂಮಿನ ಬೀರು ಇತ್ತು. ಎರಡನೇ ಪುಟದಲ್ಲಿ, "ನೀರು ಬೇಕಾದವರು ಇಲ್ಲೇ ಕುಡಿಯಿರಿ, ಮುಂದೆ ಅಂಗಡಿ ಇಲ್ಲ." ವಿಷಯದಲ್ಲಿ ತಪ್ಪು ಹುಡುಕಿದರೂ ಸಿಗಲಿಲ್ಲ. ಆದರೆ ಕೊನೆಯ ಹತ್ತು ಅಂಕದ ಪ್ರಶ್ನೆಗೆ ಬರೀ ಎರಡು ಸಾಲು.

ಕರೆಸಿ ಕೇಳಿದೆ. "ಇದ್ಯಾಕಪ್ಪಾ ಇಷ್ಟೇ ಬರದೀ?"

"ಟೈಮ್ ಇರಲಿಲ್ರಿ ಸರ್. ಬಸ್ಸಿಗೆ ಹೊತ್ತಾದ ಟೂರಿಸ್ಟ್ ಪಾರ್ಟಿಗೆ ನಾವು ಅಷ್ಟ ಹೇಳೋದು."

"ಹತ್ತು ಅಂಕ ಹೆಂಗ ಕೊಡ್ಲಿ?"

ಅವನು ಭಾಳ ವಿನಯದಿಂದ, "ನಾಳೆ ಮುಂಜಾನೆ ಏಳಕ್ಕ ಬರ್ರಿ ಸರ್, ಬಿಸಲು ಏರೋದ್ರಾಗ ಉಳಿದದ್ದು ತೋರಿಸ್ತೀನಿ" ಅಂದ.

ವರದಿಯಲ್ಲಿ, ಕೆಲಸದಿಂದ ಓದು ಕೆಡುತ್ತದೆ ಅಂತ ಬರೆದೆ.

ಮೂಟೆ ಚುಚ್ಚಿ ನೋಡುವವಳು

ಎರಡನೆಯವಳು ಕಂಪ್ಲಿಯ ಹುಡುಗಿ. ಬೆಳಗ್ಗೆ ಸೋದರಮಾವನ ರೈಸ್ ಮಿಲ್ಲಿನಲ್ಲಿ ಅಕ್ಕಿ ಮೂಟೆ ಪರೀಕ್ಷೆ ಮಾಡಿ, ಆಮೇಲೆ ಬಸ್ ಹಿಡಿದು ಕಾಲೇಜಿಗೆ ಬರುವಳು. ಇವಳೂ ಹಿಂದೆ ಬಿದ್ದಿರಬೇಕು ಅಂತ ಅಂಕಪಟ್ಟಿ ತೆಗೆದರೆ ಕ್ಲಾಸಿಗೇ ಮೊದಲು. ನಾನು ಕಕ್ಕಾಬಿಕ್ಕಿ.

"ಇಷ್ಟೆಲ್ಲಾ ಓದಾಕ ಟೈಮ್ ಎಲ್ಲಿಂದ ತರ್ತಿಯವ್ವಾ?"

"ಇಷ್ಟೆಲ್ಲಾ ಎಲ್ಲಿ ಓದ್ತೀನ್ರಿ ಸರ್? ಮೂಟೆ ಪೂರ್ತಿ ಸುರುವಿ ಯಾರೂ ನೋಡಂಗಿಲ್ಲ. ಮ್ಯಾಲೊಮ್ಮೆ, ನಡುವೊಮ್ಮೆ, ಬುಡಕ್ಕೊಮ್ಮೆ ಕೊಳವಿ ಚುಚ್ಚಿ ಹಿಡಿಯಷ್ಟು ತಗದ್ರ ಮಾಲು ಹೆಂಗೈತಿ ಗೊತ್ತಾಗತೈತಿ. ಪುಸ್ತಕಾನೂ ಹಂಗ ನೋಡ್ತೀನಿ."

ಸುಮ್ಮನಿರದೆ, "ನನ್ನ ನೋಟ್ಸ್ ಹೆಂಗದಾವು?" ಅಂತ ಕೇಳಿಬಿಟ್ಟೆ.

ಅವಳು ನೆಲ ನೋಡಿದಳು. "ಮ್ಯಾಲಿಂದು ಚಲೋ ಐತ್ರಿ ಸರ್. ನಡುವಿಂದು ಹಳೇ ಮಾಲು."

ಕಾಟಾದ ಹುಡುಗ

ವರದಿ ತಿದ್ದಿದೆ, ಕೆಲಸದಿಂದ ಓದು ಸುಧಾರಿಸುತ್ತದೆ ಅಂತ. ಆಮೇಲೆ ನನ್ನ ಮಗನ ನೆನಪಾಯಿತು. ಉಂಡ ತಟ್ಟೆಯನ್ನೂ ಎತ್ತಿಡದವನು, ಎರಡು ವಿಷಯದಲ್ಲಿ ಡುಮ್ಕಿ. ಹಾಗಾದರೆ ಕೆಲಸ ಮಾಡದಿದ್ದರೂ ಓದು ಕೆಡುತ್ತದಲ್ಲ? ತಲೆ ಕೆಟ್ಟು ಮೊಸರುಗಡಿಗೆಯಾಗಿ ಎಲ್ಲವನ್ನೂ ಹೊಡೆದು ಹಾಕಿದೆ.

ಖಾಲಿ ಹಾಳೆ ಹಿಡಿದೇ ಪ್ರಿನ್ಸಿಪಾಲರ ರೂಮಿಗೆ ಹೋದೆ. ಸಂಡೂರಿನ ಹುಡುಗನನ್ನೂ ಕರೆಸಿದ್ದರು. ಬಸ್ಸಿಳಿದು ನೇರವಾಗಿ ಬಂದಿದ್ದ, ಹುಬ್ಬಿನ ತನಕ ಕೆಂಪು ಧೂಳು.

"ಏನಪ್ಪಾ, ಸರ್ ಕ್ಲಾಸಿಗೆ ಒಂದಿನಾನೂ ಬಂದಿಲ್ಲಲ್ಲ?" ಅಂದರು ಪ್ರಿನ್ಸಿಪಾಲರು.

"ಒಂದಿನಾನೂ ತಪ್ಪಿಸಿಲ್ರಿ ಸರ್. ಹಾಜರಿ ಬರಿಯೋನ ನಾನು."

ಆಗ ನೆನಪಾಯಿತು. ನಂಬರು ಕರೆಯುವ ಬೇಸರಕ್ಕೆ ವರ್ಷದ ಮೊದಲ ದಿನವೇ ಮುಂದಿನ ಬೆಂಚಿನಲ್ಲಿದ್ದ ಇವನ ಕೈಗೆ ರಿಜಿಸ್ಟರ್ ಕೊಟ್ಟವನು ನಾನು. ಮತ್ತೆ ವಾಪಸ್ ಕೇಳಿರಲೇ ಇಲ್ಲ.

"ಎಲ್ಲಾರದೂ ಬರದು ನಿಂದು ಯಾಕ ಬರಕೊಂಡಿಲ್ಲಲೇ?" ಅಂತ ಕೇಳಿದೆ.

"ತೂಕ ಮಾಡೋನು ಕಾಟಾ ಹತ್ತಂಗಿಲ್ರಿ ಸರ್. ಹತ್ತಿದ್ರ ಕೆಲಸದಿಂದ ತಗೀತಾರ. ಇಲ್ಲೂ ಹಂಗ ಅಂತ ತಿಳಿದೆ. ನಂದು ನೀವು ಬರಕೊಂಡಿರ್ತೀರಿ ಅನಕೊಂಡಿದ್ದೆ. ಹಾಲ್ ಟಿಕೆಟ್ ಸಿಗಲಿಲ್ಲಂದ್ರ ನನ್ನ ಕೆಲಸ ಹೋತ್ರಿ."

ತಪ್ಪು ನನ್ನದು, ಹೋಗುವುದು ಅವನ ವರ್ಷ. ಪ್ರಿನ್ಸಿಪಾಲರು ರಿಜಿಸ್ಟರ್ ತರಿಸಿ ಒಂದೊಂದೇ ಪುಟ ತಿರುವಿದರು. ಮೊದಲ ದಿನದಿಂದ ನಿನ್ನೆಯವರೆಗೂ ಅದೇ ಮುತ್ತಿನಂಥ ಅಕ್ಷರ.

"ಬರದೋನು ದಿನಾ ಬಂದಾನ ಅಂತಾತಲ್ಲ. ಪೂರ್ತಿ ಹಾಜರಿ. ಹಾಲ್ ಟಿಕೆಟ್ ಇಸ್ಕೊಂಡು ಹೋಗಪ್ಪಾ."

ಹುಡುಗ ಎರಡೂ ಕೈಯಿಂದ ಮುಖ ಒರೆಸಿಕೊಂಡ. ನನಗೂ ಎದೆ ಹಗುರಾಯಿತು. ಆದರೆ ಪ್ರಿನ್ಸಿಪಾಲರು ಪುಸ್ತಕ ಮುಚ್ಚಲಿಲ್ಲ.

"ಇದೇನು, ಪ್ರತಿ ದಿನದ ಕೆಳಗ ಎರಡೆರಡು ಟೈಮ್ ಬರದೀ?"

"ಡ್ರೈವರ್ ಒಳಗ ಬಂದಿದ್ದು, ಹೊರಗ ಹೋಗಿದ್ದು ಬರೀಬೇಕ್ರಿ ಕಾಟಾದಾಗ. ನಮ್ಮ ಕ್ಲಾಸಿಗೆ ಸರ್ ಅಲ್ರಿ ಡ್ರೈವರ್?"

ಪ್ರಿನ್ಸಿಪಾಲರು ಬೆರಳಿಟ್ಟು ಸಾವಕಾಶ ಓದುತ್ತಾ ಹೋದರು. ಹತ್ತು ಗಂಟೆಯ ಕ್ಲಾಸಿಗೆ ಒಳಗೆ ಹತ್ತೂ ಇಪ್ಪತ್ತು, ಹೊರಗೆ ಹತ್ತೂ ಮುಕ್ಕಾಲು. ಮರುದಿನ ಒಳಗೆ ಹತ್ತೂವರೆ. ಅದರ ಮರುದಿನ ಡ್ರೈವರ್ ಬರಲೇ ಇಲ್ಲ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ.

ಕೊನೆಗೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನನಗಿಂತ ಹೆಚ್ಚು ಗೊಂದಲಕ್ಕೆ ಬಿದ್ದ ಮುಖ ಮಾಡಿಕೊಂಡು ಕೇಳಿದರು:

"ವರದಿ ಇರಲಿ ಬಿಡ್ರಿ ಸರ್. ನೀವು ಹೊರಗ ಎಲ್ಲಿ ಕೆಲಸಕ್ಕ ಹೋಗ್ತೀರಿ?"